ಮೈಸೂರಿನ ಸೈನ್ಯವೆಚ್ಚವೂ ದೇಶಾಭಿವೃದ್ಧಿಯೂ

ರಾಜ್ಯದ ಸಪ್ತಾಂಗಗಳಲ್ಲಿ ಕೋಶವನ್ನು ದಂಡಕ್ಕಿಂತ ಮೊದಲು ಎಣಿಸಿದ ಕೌಟಿಲ್ಯನು ಸೈನ್ಯವು ಬೊಕ್ಕಸವನ್ನೇ ಆಶ್ರಯಿಸಿರುವುದೆಂದು ತಿಳಿಸಿರುವನು. ಆ ಕೋಶವಾದರೋ ಜನಪದದಿಂದ ಹುಟ್ಟತಕ್ಕುದು. ಈ ತತ್ತ್ವಕ್ಕೆ ಮೈಸೂರಿನ ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

1799ರ ಒಡಂಬಡಿಕೆಯಂತೆ ಮೈಸೂರು ಸಂಸ್ಥಾನವು ತನ್ನ ರಕ್ಷಣೆಗೆಂದು ಇಡಲ್ಪಟ್ಟ ಕಂಪೆನಿಯ ಸೈನ್ಯಕ್ಕಾಗಿ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ವರಹಗಳನ್ನು, ಎಂದರೆ ಸುಮಾರು 24½ ಲಕ್ಷ ರೂಪಾಯಿಗಳನ್ನು, ಪೊಗದಿಯಾಗಿ ಸಲ್ಲಿಸಬೇಕಾಯಿತು. ಇದರಿಂದ ಲಾಭವೇ ಇಲ್ಲವೆನ್ನಲಾಗದು. ಹೊರಗಿನ ದಂಡಯಾತ್ರೆಗಳ ಭಯವು ನೀಗಿತು. 1809ರಲ್ಲಿ ನೆಲಸಿದ ಬೆಂಗಳೂರು ದಂಡಿನ ಸುತ್ತ ವ್ಯಾಪಾರವೂ ಬೆಳೆಯಿತು. ಆದರೆ ಮಳೆ ಬಂದರೂ ಬಾರದಿದ್ದರೂ ಮೊಬಲಗು ಒಂದೇ. ಪೊಗದಿಗೆ ಧಕ್ಕೆಯೊದಗುವುದೆಂಬ ಕಾರಣವನ್ನೂ ಮುಂದೊಡ್ಡಿ 1831ರಲ್ಲಿ ಆಡಳಿತವನ್ನೇ ಕಂಪೆನಿಯು ವಹಿಸಿಕೊಂಡಿತು.

1881ರಲ್ಲಿ ರಾಜ್ಯವನ್ನು ಹಿಂದಿರುಗಿಸುವಾಗ ಪೊಗದಿಯು 35 ಲಕ್ಷಕ್ಕೆ ಏರಿಸಲ್ಪಟ್ಟಿತು. 1876-78ರ ಘೋರಕ್ಷಾಮದ ದೆಸೆಯಿಂದ, 1871ರಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರಲ್ಲಿ 42 ಲಕ್ಷದಷ್ಟಕ್ಕೆ ಇಳಿದಿದ್ದಿತು. ಆದುದರಿಂದ ಈ ಹೆಚ್ಚಳವನ್ನು 1896ರವರೆಗೆ ತಡೆದಿಡಲಾಯಿತು. ವರ್ಷಕ್ಕೆ 10½ ಲಕ್ಷದಂತೆ 15 ವರ್ಷಗಳಲ್ಲಿ ಉಳಿದ ಹಣವು ಒಂದೂವರೆ ಕೋಟಿಗೂ ಮಿಗಿಲು. ಅದೇ ಕಾಲದಲ್ಲಿ ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ ರೈಲುದಾರಿಗಳೂ ನೀರಾವರಿ ಕಾರ್ಯಗಳೂ ವಿಸ್ತರಿಸಿದುವು. ಇದಕ್ಕೆ ಆ ಉಳಿತಾಯವೊಂದೇ ಕಾರಣವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಕೋಲಾರದ ಚಿನ್ನದ ರಾಜಧನವೂ ನೆರವಾಯಿತು. ಕಡೆಗೆ, 1927ರಲ್ಲಿ ಲಾರ್ಡ್ ಇರ್ವಿನ್ನರು ಸಾರಿದಂತೆ 10½ ಲಕ್ಷವು ಕಡಿಮೆಯಾಗಿ, ಪೊಗದಿಯು ಮೊದಲಿನ ಮೊತ್ತಕ್ಕೇ ಬಂದಿತು.

ಇದರಿಂದ ಸಿದ್ಧವಾಗುವುದೇನೆಂದರೆ: ಹೊಲಕ್ಕೆ ಬೇಲಿ ಅವಶ್ಯಕವೇ ಸರಿ, ಆದರೆ ಅದರ ವೆಚ್ಚವನ್ನು ನಿರ್ಣಯಿಸುವ ಅಧಿಕಾರವು ಹೊಲದೊಡೆಯನಿಗೆ ಇಲ್ಲದಿದ್ದರೆ, ಬಿತ್ತನೆಗೆಂದಿಟ್ಟ ಧಾನ್ಯವೂ ಬೇಲಿಗೇ ವ್ಯಯವಾಗುವುದು.