ಶೌಚಾಲಯದಿಂದ ಪೋಲಿಯೊ ಹನಿಯವರೆಗೆ

ರೋಟರಿ ಎಂದರೆ ಶ್ರೀಮಂತರ ಕೂಟ, ಊಟ-ಭಾಷಣದ ಜಾಗ ಎಂದೇ ನಾವು ತಿಳಿದಿದ್ದೇವೆ. ಅದು ಪೂರ್ತಿ ಸುಳ್ಳೂ ಅಲ್ಲ. 1905ರಲ್ಲಿ ಶಿಕಾಗೋದ ವಕೀಲ ಪೌಲ್ ಹ್ಯಾರಿಸ್ ಮೂವರು ಗೆಳೆಯರೊಂದಿಗೆ ಇದನ್ನು ಆರಂಭಿಸಿದ್ದು ಸ್ನೇಹಕ್ಕಾಗಿ, ವ್ಯಾಪಾರದ ಅನುಕೂಲಕ್ಕಾಗಿ. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದಲೇ ಆ ಹೆಸರು. ಸೇವೆಯೆಂದು ಮೊದಲು ಕೈಹಾಕಿದ್ದು 1907ರಲ್ಲಿ, ನಗರಕ್ಕೊಂದು ಸಾರ್ವಜನಿಕ ಶೌಚಾಲಯ ಕಟ್ಟಿಸಲು. ಮದ್ಯ ತಯಾರಕರು ವಿರೋಧಿಸಿದರು. ಅಲ್ಲಿಯವರೆಗೆ ಜನ ಆ ಅಗತ್ಯಕ್ಕೂ ಮದ್ಯದಂಗಡಿ ಹೊಗಬೇಕಿತ್ತಲ್ಲ!

1985ರಲ್ಲಿ ರೋಟರಿ ಜಗತ್ತಿನ ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸುವ ಸಂಕಲ್ಪ ಮಾಡಿತು. ಭಾರತದಲ್ಲಿ ಆ ಕೆಲಸ ಎಡವಿದ್ದು ನಮ್ಮವರ ಮನೆಬಾಗಿಲಲ್ಲಿ. ಹನಿ ಹಾಕಿಸಿದರೆ ಮುಂದೆ ಸಂತಾನವಾಗದೆಂಬ ವದಂತಿ ಉತ್ತರ ಪ್ರದೇಶದ ಮುಸ್ಲಿಂ ಕೇರಿಗಳಲ್ಲಿ ಹಬ್ಬಿತ್ತು. ಬಡತನ, ಕೊಳಚೆಯೂ ಕಾರಣವಾಗಿದ್ದವು, ನಿಜ. ಆದರೆ ವದಂತಿ ನಂಬಿದ್ದಕ್ಕೆ ಬೆಲೆ ತೆತ್ತವರು ನಮ್ಮ ಮಕ್ಕಳೇ. ಕೊನೆಗೆ ರೋಟರಿಯವರು ಉಲೆಮಾಗಳನ್ನು ಜೊತೆಗೂಡಿಸಿಕೊಂಡರು. ಮಸೀದಿಗಳಿಂದಲೇ ಕರೆ ಹೊರಟಿತು. ಪರಪುರುಷರು ಕಾಲಿಡಲಾಗದ ಮನೆಗಳೊಳಕ್ಕೆ ಹನಿ ಹೊತ್ತು ಹೋದವರು ಹೆಣ್ಣುಮಕ್ಕಳು. ರೋಟರಿಯೋ, ಮಹಿಳೆಯರಿಗೆ ಎಲ್ಲೆಡೆ ಸದಸ್ಯತ್ವದ ಬಾಗಿಲು ತೆರೆದದ್ದು 1989ರಲ್ಲಷ್ಟೇ! ಸಹಜ ಪೋಲಿಯೊ ವೈರಸ್‌ನ ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡುಬಂತು. ಲಸಿಕೆ ಹಾಕಿಸಿಕೊಂಡಿರದ ಎರಡು ವರ್ಷದೊಳಗಿನ ಹೆಣ್ಣುಮಗು ಅದು.