ಜೇವರ್ಗಿಯ ಧರ್ಮಸಿಂಗ್

ಚುನಾವಣೆಯ ಮಾತು ಬಂದಾಗಲೆಲ್ಲ ನಾವು ಮೊದಲು ಎಣಿಸುವುದು ಜಾತಿಯ ತಲೆಗಳನ್ನು. ಜೇವರ್ಗಿ ಬಹುಕಾಲ ಈ ಲೆಕ್ಕಕ್ಕೆ ಸಿಕ್ಕಲಿಲ್ಲ. ಲಿಂಗಾಯತರು, ಕಬ್ಬಲಿಗರು, ಕುರುಬರು, ದಲಿತರು, ಮುಸ್ಲಿಮರು ಇರುವ ಆ ಕ್ಷೇತ್ರದಲ್ಲಿ ರಜಪೂತರ ಮತ ಬೆರಳೆಣಿಕೆಯದು. ಆದರೂ 1978ರಿಂದ 2004ರ ವರೆಗಿನ ಏಳು ವಿಧಾನಸಭಾ ಚುನಾವಣೆಗಳಲ್ಲಿ ಅಲ್ಲಿ ಗೆದ್ದವರು ರಜಪೂತರಾದ ಎನ್. ಧರ್ಮಸಿಂಗ್.

ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ 1936ರ ಡಿಸೆಂಬರ್ 25ರಂದು ಹುಟ್ಟಿದಾಗ ಅವರು ನಿಜಾಮರ ಪ್ರಜೆ. ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದ 1948ರಲ್ಲಿ ಅವರಿಗಿನ್ನೂ ಹನ್ನೆರಡು ತುಂಬಿರಲಿಲ್ಲ. ಮುಂದೆ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಗುಲ್ಬರ್ಗದ ನಗರಸಭೆಯಿಂದ ರಾಜಕೀಯಕ್ಕೆ ಬಂದರು. ಕನ್ನಡದಷ್ಟೇ ಉರ್ದುವೂ ಅವರಿಗೆ ಸಲೀಸು. ಬಂದೇನವಾಜರ ಗುಲ್ಬರ್ಗ, ಲಾಡ್ಲೆ ಮಶಾಯಕರ ಆಳಂದ, ದತ್ತನ ಗಾಣಗಾಪುರವಿರುವ ಅಫಜಲಪುರ – ಈ ನಾಡಿನಲ್ಲಿ ಉರ್ದು ಒಂದು ಧರ್ಮದವರ ಭಾಷೆಯಾಗಿರಲಿಲ್ಲ. ಕಚೇರಿಯ, ಕೋರ್ಟಿನ, ಸಂತೆಯ ಭಾಷೆಯಾಗಿತ್ತು. ಸಂಖ್ಯೆಯಿಲ್ಲದವನು ಎಲ್ಲರ ಮನೆಯ ಹೊಸ್ತಿಲು ತುಳಿಯಲೇಬೇಕು. ಅವರ ಗೆಲುವಿನ ಗುಟ್ಟು ಇದೇ ಎಂದು ನನಗನ್ನಿಸುತ್ತದೆ.

1980ರದ್ದು ಒಂದು ವಿಚಿತ್ರ ಕಥೆ. ಗುಲ್ಬರ್ಗದಿಂದ ಲೋಕಸಭೆಗೆ ಗೆದ್ದಿದ್ದ ಧರ್ಮಸಿಂಗ್, ದಿಲ್ಲಿಯಲ್ಲಿ ವಾಜಪೇಯಿಯವರೆದುರು ಸೋತಿದ್ದ ಕೇರಳದ ಸಿ. ಎಂ. ಸ್ಟೀಫನ್ ಅವರಿಗಾಗಿ ರಾಜೀನಾಮೆ ಕೊಟ್ಟರು. ಸ್ಟೀಫನ್ ಉಪಚುನಾವಣೆಯಲ್ಲಿ ಗೆದ್ದು ಕೇಂದ್ರ ಸಚಿವರಾದರು. ಪಕ್ಷನಿಷ್ಠೆ ಎಂದರೆ ಹೀಗಿರಬೇಕು ಎಂದು ಹೊಗಳುವವರಿದ್ದಾರೆ. ಗುಲ್ಬರ್ಗದ ಮತದಾರನನ್ನು ಮಾತ್ರ ಯಾರೂ ಕೇಳಲಿಲ್ಲ!

ಹಲವು ಸಂಪುಟಗಳಲ್ಲಿ ಸಚಿವರಾದರು, ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾದರು. 1999ರಿಂದ ಎಸ್. ಎಂ. ಕೃಷ್ಣ ಸರ್ಕಾರದಲ್ಲಿ ಲೋಕೋಪಯೋಗಿ ಖಾತೆ ಅವರದ್ದು. ಅವರು ಆ ಕುರ್ಚಿಯಲ್ಲಿದ್ದಾಗಲೇ, 2002ರಲ್ಲಿ, ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ಬಂತು. ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗ ವಿಭಾಗದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಆಳಂದದ ಜನ 2004ರಿಂದ 2023ರ ವರೆಗೆ ಪ್ರತಿ ಸಲವೂ ಬಿ. ಆರ್. ಪಾಟೀಲ, ಸುಭಾಷ ಗುತ್ತೇದಾರ ಇಬ್ಬರನ್ನು ಅದಲುಬದಲು ಮಾಡಿದವರು. ಜೇವರ್ಗಿಯವರು ಒಬ್ಬರನ್ನೇ ನೆಚ್ಚಿದವರು. ಶಾಸಕರನ್ನು ಬದಲಿಸಿದ ಊರಿಗೂ ಬದಲಿಸದ ಊರಿಗೂ ಒಂದೇ ಪಟ್ಟಿಯಲ್ಲಿ ಜಾಗ!

2004ರ ಅತಂತ್ರ ವಿಧಾನಸಭೆಯಲ್ಲಿ ಕಾಂಗ್ರೆಸ್ 65, ಜನತಾದಳ 58. ಮೇ 28ರಂದು ಧರ್ಮಸಿಂಗ್ ಮುಖ್ಯಮಂತ್ರಿಯಾದರು. ಎಲ್ಲರನ್ನೂ ಒಲಿಸಿಕೊಳ್ಳುವ ಅವರ ಗುಣಕ್ಕೆ ಸಮ್ಮಿಶ್ರ ಸರ್ಕಾರ ಹೇಳಿ ಮಾಡಿಸಿದಂತಿತ್ತು. ಆದರೆ ಇಪ್ಪತ್ತು ತಿಂಗಳಲ್ಲಿ ಎಚ್. ಡಿ. ಕುಮಾರಸ್ವಾಮಿ ಬಿಜೆಪಿಯ ಕೈಹಿಡಿದರು, ಸರ್ಕಾರ ಬಿತ್ತು. 2008ರಲ್ಲಿ ಜೇವರ್ಗಿಯೇ ಅವರನ್ನು ಸೋಲಿಸಿತು, ಅದೂ ನೂರು ಮತಗಳೊಳಗಿನ ಅಂತರದಲ್ಲಿ. ಅದೇ ವರ್ಷದ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಅವರ ಅಧಿಕಾರಾವಧಿಯ ಮೇಲೂ ಬೊಟ್ಟು ಮಾಡಿತು.

ಆ ಸೋಲಿನ ಮೇಲೆ ಅವರು ಮಾಡಿದ್ದು, ಗೆಲುವಿನ ಕಾಲದಲ್ಲಿ ಆಗದ ಕೆಲಸ. 2009ರಲ್ಲಿ ಬೀದರಿನಿಂದ ಲೋಕಸಭೆಗೆ ಹೋಗಿ, ಮಲ್ಲಿಕಾರ್ಜುನ ಖರ್ಗೆಯವರೊಂದಿಗೆ 371(ಜೆ) ವಿಧಿಗಾಗಿ ದುಡಿದರು. ವೈಜನಾಥ ಪಾಟೀಲರಂಥವರು ಬೀದಿಯಲ್ಲಿ ವರ್ಷಗಟ್ಟಲೆ ಕೂಗಿದ ಬೇಡಿಕೆಯದು. 2012ರ ಡಿಸೆಂಬರಿನಲ್ಲಿ ಸಂಸತ್ತು ಅದಕ್ಕೆ ಒಪ್ಪಿತು. ಅದರಿಂದ ನೌಕರಿ, ಕಾಲೇಜು ಸೀಟುಗಳಲ್ಲಿ ಈ ಭಾಗದ ಮಕ್ಕಳಿಗೆ ಮೀಸಲಾತಿ ಬಂತು, ಪ್ರದೇಶಕ್ಕೊಂದು ಅಭಿವೃದ್ಧಿ ಮಂಡಳಿಯೂ ಬಂತು.

2014ರಲ್ಲಿ ಬೀದರಿನಲ್ಲಿ ಸೋತರು. 2017ರ ಜುಲೈ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನೆಲೋಗಿಯಲ್ಲೇ ನಡೆಯಿತು. ಜೇವರ್ಗಿಯನ್ನು 2013ರಿಂದ ಅವರ ಮಗ ಅಜಯ್ ಸಿಂಗ್ ಪ್ರತಿನಿಧಿಸುತ್ತಿದ್ದಾರೆ. 2023ರಲ್ಲಿ ಅಭಿವೃದ್ಧಿ ಮಂಡಳಿಯ ಅಧ್ಯಕ್ಷಗಿರಿಯೂ ಅವರಿಗೇ ಬಂತು.