ಯಂತ್ರವಿದ್ಯೆಗೆ ರಾಜಾಶ್ರಯ: ಧಾರಾನಗರದಿಂದ ಪಾಠಶಾಲೆಗೆ

ಧಾರಾನಗರದ ಪರಮಾರ ಭೋಜರಾಜನ (ಕ್ರಿ. ಶ. ೧೧ನೆಯ ಶತಮಾನದ ಪೂರ್ವಾರ್ಧ) ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಸಮರಾಂಗಣ ಸೂತ್ರಧಾರ’ದ ೩೧ನೆಯ ಅಧ್ಯಾಯಕ್ಕೆ ಯಂತ್ರವಿಧಾನವೆಂದು ಹೆಸರು. ಈ ಗ್ರಂಥವನ್ನು ಟಿ. ಗಣಪತಿ ಶಾಸ್ತ್ರಿಗಳು ಪರಿಶೋಧಿಸಿ ೧೯೨೪-೨೫ರಲ್ಲಿ ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಬೆಳಕಿಗೆ ತಂದರು. ಪ್ರಾಚೀನ ಭಾರತದ ಯಂತ್ರಗಳನ್ನು ಕುರಿತು ಡಾ. ವಿ. ರಾಘವನ್ನರು ಬರೆದ ಪ್ರಬಂಧವನ್ನು ೧೯೫೨ರಲ್ಲಿ ಪ್ರಕಟಿಸಿದುದು ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್ ಸಂಸ್ಥೆಯೇ. ಶಾಲೆಗಳ ರೋಬೋಟ್ ಕೂಟಗಳಿಗೂ ಸ್ಪರ್ಧೆಗಳಿಗೂ ಸರಕಾರವು ದ್ರವ್ಯಸಹಾಯ ಮಾಡುತ್ತಿರುವ ಈ ಕಾಲದಲ್ಲಿ ಆ ಅಧ್ಯಾಯವನ್ನು ಮತ್ತೊಮ್ಮೆ ಓದುವುದು ನಿಷ್ಪ್ರಯೋಜನವಾಗಲಾರದು.

ತಾಳಕ್ಕೆ ಸರಿಯಾಗಿ ನರ್ತಿಸುವ ಪುತ್ತಳಿ, ದೀಪಕ್ಕೆ ಎಣ್ಣೆಯೆರೆಯುವ ಬೊಂಬೆ, ಅನ್ಯರನ್ನು ಒಳಕ್ಕೆ ಬಿಡದ ಮರದ ದ್ವಾರಪಾಲ, ಪಾದರಸದ ಬಲದಿಂದ ಹಾರುವ ಮರದ ಹಕ್ಕಿ—ಇವೆಲ್ಲವೂ ಅಲ್ಲಿ ವರ್ಣಿತವಾಗಿವೆ. ಹಕ್ಕಿ ಹಾರಿತೆಂದು ನಾವು ನಂಬಬೇಕಾಗಿಲ್ಲ. ಎಣ್ಣೆಯ ಬೊಂಬೆಯನ್ನು ನಂಬಲು ಅಡ್ಡಿಯಿಲ್ಲ. ಆದರೆ ಇವುಗಳ ಘಟನಾಕ್ರಮವನ್ನು ಗ್ರಂಥಕಾರನು ಬೇಕೆಂದೇ ಬಿಟ್ಟಿದ್ದಾನೆ. ತಾನು ಅರಿಯದುದರಿಂದಲ್ಲ, ಗೋಪನಾರ್ಥವಾಗಿ ಹೇಳಲಿಲ್ಲವೆಂದೂ, ಬಯಲಾದ ಯಂತ್ರವು ಫಲವನ್ನು ಕೊಡದೆಂದೂ ಅವನ ಅಭಿಪ್ರಾಯ. ರಾಜಾಶ್ರಯದ ಯಂತ್ರವು ಅರಮನೆಯ ವಿನೋದಕ್ಕೂ ವಿಸ್ಮಯಕ್ಕೂ ಮೀಸಲಾಗಿದ್ದಿತು. ಒಳಗಿನ ಸೂತ್ರವು ಕಂಡರೆ ವಿಸ್ಮಯವೆಲ್ಲಿ? ಬೊಂಬೆಗಳ ವರ್ಣನೆ ನಮಗೆ ಉಳಿಯಿತು, ಬೊಂಬೆಗಳನ್ನು ಮಾಡುವ ಬಗೆ ಉಳಿಯಲಿಲ್ಲ.

ಅದೇ ಅಧ್ಯಾಯವು ಯಂತ್ರಕಾರನಿಗೆ ಇರಬೇಕಾದ ಸಾಮಗ್ರಿಯನ್ನೂ ಹೇಳುತ್ತದೆ: ಪರಂಪರೆಯಿಂದ ಬಂದ ಕೌಶಲ, ಉಪದೇಶಸಹಿತವಾದ ಶಾಸ್ತ್ರಾಭ್ಯಾಸ, ಕೆಲಸದಲ್ಲಿ ಉದ್ಯಮ, ಬುದ್ಧಿ. ಈ ಪಟ್ಟಿಯಲ್ಲಿ ಉಪಕರಣದ ಮಾತಿಲ್ಲದಿರುವುದನ್ನು ವಾಚಕರು ಗಮನಿಸಬೇಕು.

‘ರೋಬೋಟ್’ ಎಂಬ ಶಬ್ದವು ೧೯೨೦ರಲ್ಲಿ ಪ್ರಕಟವಾದ ಕಾರೆಲ್ ಚಾಪೆಕನ ಚೆಕ್ ನಾಟಕದಿಂದ ಲೋಕಕ್ಕೆ ಬಂದಿತು. ಚೆಕ್ ಭಾಷೆಯ ‘ರೊಬೊತ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ. ನಮ್ಮ ‘ವಿಷ್ಟಿ’, ಅದರ ತದ್ಭವವಾದ ‘ಬಿಟ್ಟಿ’. ಭೋಜನ ಬೊಂಬೆಯು ವಿಸ್ಮಯವಾದರೆ ಚಾಪೆಕನದು ಬಿಟ್ಟಿಯಾಳು. ಹೆಸರಿನ ಈ ವ್ಯತ್ಯಾಸವು ಅಲ್ಪವಾದುದಲ್ಲ.

ಭಾರತಸರಕಾರವು ನೀತಿ ಆಯೋಗದ ಮೂಲಕ ೨೦೧೬ರಲ್ಲಿ ಅಟಲ್ ಇನ್ನೊವೇಷನ್ ಮಿಷನ್ ಎಂಬ ಯೋಜನೆಯನ್ನು ಆರಂಭಿಸಿತು. ಇದರಲ್ಲಿ ಆಯ್ಕೆಯಾದ ಶಾಲೆಗೆ ‘ಟಿಂಕರಿಂಗ್’ ಪ್ರಯೋಗಾಲಯಕ್ಕೆಂದು ೨೦ ಲಕ್ಷ ರೂಪಾಯಿಗಳವರೆಗೆ ಅನುದಾನವುಂಟು: ಸ್ಥಾಪನೆಗೆ ೧೦ ಲಕ್ಷ, ಐದು ವರ್ಷಗಳ ನಿರ್ವಹಣೆಗೆ ೧೦ ಲಕ್ಷ. ೬ರಿಂದ ೧೨ನೆಯ ತರಗತಿಯ ಮಕ್ಕಳು ಅಲ್ಲಿ ಸಂವೇದಕಗಳನ್ನೂ ಮೋಟಾರುಗಳನ್ನೂ ಜೋಡಿಸಿ, ಅವುಗಳಿಗೆ ಆಜ್ಞೆಗಳನ್ನು ಬರೆದು, ರೋಬೋಟನ್ನು ತಮ್ಮ ಕೈಯಿಂದಲೇ ನಡೆಯಿಸುತ್ತಾರೆ. ಇಂತಹ ಪ್ರಯೋಗಾಲಯಗಳು ಹತ್ತು ಸಾವಿರದಷ್ಟಾಗಿವೆ. ರಾಜ್ಯವು ತನ್ನ ಭಂಡಾರದಿಂದ ದ್ರವ್ಯವನ್ನು ಕೊಟ್ಟು, ಸೂತ್ರವನ್ನು ಮುಚ್ಚಿಡುವುದಕ್ಕೆ ಬದಲಾಗಿ ಬಿಚ್ಚಿ ತೋರಿಸಿರೆಂದು ಹೇಳಿದುದು ಯಂತ್ರವಿದ್ಯೆಯ ಚರಿತ್ರೆಯಲ್ಲಿ ದೊಡ್ಡ ಮಾರ್ಪಾಟೆಂದೇ ನನ್ನ ಮತ.

ಸ್ಪರ್ಧೆಗಳ ವಿಷಯದಲ್ಲಿ ಮೊದಲು ನನಗೆ ಆದರವಿರಲಿಲ್ಲ. ಪ್ರದರ್ಶನಕ್ಕಾಗಿ ವಿದ್ಯೆಯೆಂದರೆ ಮತ್ತೆ ಅರಮನೆಯ ಅಂಗಳಕ್ಕೇ ಹಿಂದಿರುಗಿದಂತೆ ತೋರುತ್ತಿದ್ದಿತು. ವಿಶ್ವ ರೋಬೋಟ್ ಒಲಿಂಪಿಯಾಡಿನ ನಿಯಮಗಳನ್ನು ಓದಿದ ಮೇಲೆ ಆ ಅಭಿಪ್ರಾಯವನ್ನು ತಿದ್ದಿಕೊಂಡೆನು. ೨೦೦೪ರಲ್ಲಿ ಸಿಂಗಪುರದಲ್ಲಿ ಮೊದಲಾದ ಈ ಸ್ಪರ್ಧೆಯು ೨೦೧೬ರಲ್ಲಿ ದೆಹಲಿಯ ಸಮೀಪದಲ್ಲಿ ನಡೆಯಿತು. ಸರಕಾರದ ಅಂಗವಾದ ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯಗಳ ಪರಿಷತ್ತು ಅದರ ನಿರ್ವಾಹಕರಲ್ಲೊಂದು. ಆಗಿನ ನಿಯಮದಂತೆ ಮುಖ್ಯ ವಿಭಾಗದ ಮಕ್ಕಳು ಬಿಡಿಭಾಗಗಳಿಂದ ರೋಬೋಟನ್ನು ಸ್ಥಳದಲ್ಲಿಯೇ ಜೋಡಿಸಬೇಕು. ಗುರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಅಂದಿನ ದಿನ ಬೆಳಗ್ಗೆ ಹೊಸದೊಂದು ನಿಯಮವನ್ನು ಸಾರಿ, ಅದಕ್ಕೆ ತಕ್ಕಂತೆ ಮಾರ್ಪಡಿಸಿರೆನ್ನುತ್ತಾರೆ. ಪಾಠಶಾಲೆಯಲ್ಲಿ ಓದಿದವರಿಗೆ ಇದು ಅಪರಿಚಿತವಲ್ಲ. ಓಲೆಯ ಕಟ್ಟಿಗೆ ಶಲಾಕೆಯನ್ನು ಚುಚ್ಚಿ, ಮೊನೆ ತಾಗಿದ ಓಲೆಯಿಂದ ವಿದ್ಯಾರ್ಥಿಯು ಅರ್ಥ ಹೇಳಬೇಕೆನ್ನುವ ಶಲಾಕಾಪರೀಕ್ಷೆಯ ಜಾತಿಯೇ ಇದು. ಕಂಠಪಾಠವು ಅಲ್ಲಿ ಉಪಯೋಗಕ್ಕೆ ಬಾರದು.

ಕೊರತೆಯಿರುವುದು ಉಪದೇಶದಲ್ಲಿ. ಸಾಮಾನ್ಯವಾಗಿ, ಶಾಲೆಯಲ್ಲಿ ಮೊದಲೇ ಇರುವ ವಿಜ್ಞಾನದ ಉಪಾಧ್ಯಾಯರೊಬ್ಬರ ನಿತ್ಯದ ಪಾಠಗಳ ಮೇಲೆ ಪ್ರಯೋಗಾಲಯದ ಭಾರವೂ ಬೀಳುತ್ತದೆ. ಹೊರಗಿನಿಂದ ಬಂದು ಮಾರ್ಗದರ್ಶನ ಮಾಡುವವರು ಸ್ವಯಂಸೇವಕರು, ಅವರಿಗೆ ವೇತನವಿಲ್ಲ. ಸ್ವೇಚ್ಛೆಯ ಸೇವೆಯನ್ನು ಬಿಟ್ಟಿಯೆನ್ನುವುದು ಅಪಚಾರವಾದೀತು. ಆದರೂ ರೋಬೋಟನ್ನು ಕಲಿಸುವ ಕೆಲಸವೇ ‘ರೊಬೊತ’ದ ನೆರಳಿಗೆ ಬರುವುದು ವಿಚಿತ್ರವಾಗಿದೆ. ಇನ್ನೊಂದು, ಯೋಜನೆಯ ಮೊದಲ ನಿಯಮಗಳು ಬಯಲುಸೀಮೆಯ ಶಾಲೆಗೆ ೧,೫೦೦ ಚದರ ಅಡಿಯ ಕಟ್ಟಡವನ್ನು ಬೇಡಿದವು. ಎರಡು ಕೊಠಡಿಗಳಲ್ಲಿ ಎಲ್ಲ ತರಗತಿಗಳನ್ನೂ ನಡೆಸುವ ಶಾಲೆಯು ಅರ್ಜಿಯನ್ನೇ ಹಾಕಲಾರದು.

೨೦೨೫ರ ಮುಂಗಡಪತ್ರದಲ್ಲಿ ಐದು ವರ್ಷಗಳೊಳಗೆ ೫೦,೦೦೦ ಪ್ರಯೋಗಾಲಯಗಳನ್ನು, ಅದೂ ಸರಕಾರೀ ಶಾಲೆಗಳಲ್ಲಿಯೇ, ಸ್ಥಾಪಿಸುವುದಾಗಿ ಘೋಷಿಸಲಾಯಿತು. ಆ ಶಾಲೆಗಳಿಗೆ ಮುದ್ರಕಯಂತ್ರಗಳೂ ಸಂವೇದಕಗಳೂ ತಲಪುವ ಮೊದಲೇ ಉಪದೇಶಕನೊಬ್ಬನ ವೇತನವನ್ನು ಅನುದಾನದ ಲೆಕ್ಕದಲ್ಲಿ ಬರೆದಿಡುವುದು ಯುಕ್ತವೆಂದು ಭೋಜನ ನಾಲ್ಕು ಸಾಮಗ್ರಿಗಳನ್ನು ಓದಿದವರಿಗೆ ತೋರದಿರದು.